ಯಾರ ನುಡಿಯಲ್ಲಿ ದೈವಶಾಸ್ತ್ರ? : ಭಾರತದ ಕ್ರೈಸ್ತ ದೈವಶಾಸ್ತ್ರ ಶಿಕ್ಷಣ ಮತ್ತು ನಿರ್ವಸಾಹತೀಕರಣದ ಪ್ರಶ್ನೆ

೧

ವಸಾಹತು ಆಳ್ವಿಕೆಯಿಂದ ಬಿಡುಗಡೆ ಪಡೆದ ಸಮಾಜಗಳಲ್ಲಿ ಜ್ಞಾನಶಾಖೆಗಳ ಮರುಪರಿಶೀಲನೆ ಹಲವು ದಶಕಗಳಿಂದ ನಡೆದುಬಂದಿದೆ. ಚರಿತ್ರೆ, ಸಾಹಿತ್ಯ ವಿಮರ್ಶೆ, ಮಾನವಶಾಸ್ತ್ರಗಳ ಮಟ್ಟಿಗೆ ಈ ಚರ್ಚೆ ಕನ್ನಡದಲ್ಲಿಯೂ ಸಾಕಷ್ಟು ಬೆಳೆದಿದೆ. ಕ್ರೈಸ್ತ ಸಭೆಗಳ ಪಾಲಕರನ್ನೂ ಅಧ್ಯಾಪಕರನ್ನೂ ಸಿದ್ಧಪಡಿಸುವ ದೈವಶಾಸ್ತ್ರ ಶಿಕ್ಷಣವು ಮಾತ್ರ ಬಹುಮಟ್ಟಿಗೆ ಈ ಚರ್ಚೆಯ ಹೊರಗೆ ಉಳಿದಿದೆ. ಅದು ಸಭೆಗಳ ಒಳಗಿನ ವಿಷಯವೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, ಕನ್ನಡದ ಮಹಾನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟೆಲ್ ಇಬ್ಬರೂ ಬಾಸೆಲ್ ಮಿಶನ್ನಿನ ಸೇವೆಯಲ್ಲಿ ಇದ್ದವರು ಎಂಬುದನ್ನು ನೆನೆದರೆ, ಈ ಶಿಕ್ಷಣದ ಕಥೆ ಕನ್ನಡ ಸಂಸ್ಕೃತಿಯ ಚರಿತ್ರೆಗೂ ಸೇರಿದ್ದು ಎಂಬುದು ಸ್ಪಷ್ಟವಾಗುತ್ತದೆ.

ನಿರ್ವಸಾಹತೀಕರಣ ಎಂಬ ಮಾತನ್ನು ಸಾಮಾನ್ಯವಾಗಿ ಪಠ್ಯಕ್ರಮದ ಬದಲಾವಣೆ ಎಂಬ ಅರ್ಥದಲ್ಲಿ ಬಳಸಲಾಗುತ್ತದೆ. ಐರೋಪ್ಯ ಚಿಂತಕರ ಪಕ್ಕದಲ್ಲಿ ಭಾರತೀಯ, ಆಫ್ರಿಕನ್ ಚಿಂತಕರ ಹೆಸರುಗಳು ಸೇರಿದರೆ ಕೆಲಸ ಮುಗಿಯಿತು ಎಂಬ ತೃಪ್ತಿ ಅಲ್ಲಿ ಕಾಣುತ್ತದೆ. ಭಾರತದ ಅನುಭವವನ್ನು ಪರಿಶೀಲಿಸಿದಾಗ ಇದಕ್ಕಿಂತ ಆಳವಾದ ಒಂದು ತೊಡಕು ಗೋಚರಿಸುತ್ತದೆ. ವಸಾಹತು ಕಾಲದ ಸೆಮಿನರಿಗಳು ದೇಶಭಾಷೆಗಳಲ್ಲಿ ಪಾಠ ಹೇಳಿದವು. ಸ್ವಾತಂತ್ರ್ಯದ ನಂತರ ಹುಟ್ಟಿದ 'ಭಾರತೀಯ ದೈವಶಾಸ್ತ್ರ'ವು ಹೆಚ್ಚಾಗಿ ಇಂಗ್ಲಿಷಿನಲ್ಲಿ ರೂಪುಗೊಂಡಿತು. ಈ ವೈಪರೀತ್ಯ ಹೇಗೆ ಉಂಟಾಯಿತು, ಅದರಿಂದ ಹೊರಬರುವ ದಾರಿಗಳು ಯಾವುವು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಭಾರತದಲ್ಲಿ ಕ್ರೈಸ್ತ ವಿದ್ಯಾಭ್ಯಾಸವು ಐರೋಪ್ಯರೊಂದಿಗೆ ಬಂದದ್ದಲ್ಲ. ಕೇರಳದ ಸಂತ ತೋಮನ ಕ್ರೈಸ್ತರಲ್ಲಿ 'ಮಲ್ಪಾನ್' ಎಂದು ಕರೆಯಲಾಗುವ ಗುರುಗಳ ಬಳಿ ಶಿಷ್ಯರು ಉಳಿದು, ಸಿರಿಯಾಕ್ ಭಾಷೆಯ ಪ್ರಾರ್ಥನಾವಿಧಿಗಳನ್ನೂ ಶಾಸ್ತ್ರವನ್ನೂ ಕಲಿಯುವ ಪದ್ಧತಿಯಿತ್ತು. ನಮ್ಮ ಮಠ, ಗುರುಕುಲಗಳ ಕಲಿಕೆಗೆ ಇದು ಹತ್ತಿರವಾದದ್ದು. ಪೋರ್ತುಗೀಸರು ಬಂದ ಮೇಲೆ ಹದಿನಾರನೆಯ ಶತಮಾನದಲ್ಲಿ ಐರೋಪ್ಯ ಮಾದರಿಯ ಸೆಮಿನರಿಗಳು ಅಲ್ಲಿ ತಲೆಯೆತ್ತಿದವು. ೧೫೯೯ರಲ್ಲಿ ಉದಯಂಪೇರೂರಿನಲ್ಲಿ ಗೋವೆಯ ಆರ್ಚ್‌ಬಿಷಪ್ ಅಲೆಷೊ ದ ಮೆನೆಜಿಸ್ ಕೂಡಿಸಿದ ಸಭೆಯು ಸಿರಿಯಾಕ್ ಗ್ರಂಥಗಳನ್ನು ತಿದ್ದಲು, ದೋಷಯುಕ್ತವೆಂದು ಕಂಡವನ್ನು ನಾಶಮಾಡಲು ಆಜ್ಞೆ ಮಾಡಿತು. ಕಲಿಸುವ ಅಧಿಕಾರ ಯಾರದು, ಯಾವ ಭಾಷೆಯ ಗ್ರಂಥ ಪ್ರಮಾಣ ಎಂಬ ಎರಡು ಪ್ರಶ್ನೆಗಳು ಈ ದೇಶದ ದೈವಶಾಸ್ತ್ರ ಶಿಕ್ಷಣದಲ್ಲಿ ಅಂದಿನಿಂದಲೂ ಜೊತೆಜೊತೆಯಾಗಿಯೇ ಬಂದಿವೆ.

೩

ಪ್ರೊಟೆಸ್ಟಂಟ್ ಶಿಕ್ಷಣದ ಮುಖ್ಯ ನೆಲೆ ಬಂಗಾಳದ ಸೆರಾಂಪುರ. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಇವರು ೧೮೧೮ರಲ್ಲಿ ಅಲ್ಲಿ ಕಾಲೇಜನ್ನು ಸ್ಥಾಪಿಸಿದರು. ಕ್ರೈಸ್ತರಿಗೂ ಇತರರಿಗೂ ಪೌರ್ವಾತ್ಯ ಸಾಹಿತ್ಯವನ್ನೂ ಐರೋಪ್ಯ ವಿಜ್ಞಾನವನ್ನೂ ಕಲಿಸುವುದು ಅದರ ಘೋಷಿತ ಉದ್ದೇಶವಾಗಿತ್ತು. ಅದರ ಹಿಂದಿನ ವರ್ಷ, ೧೮೧೭ರಲ್ಲಿ, ಕೇರಿಯ ಕನ್ನಡ ವ್ಯಾಕರಣವು ಸೆರಾಂಪುರದಲ್ಲಿಯೇ ಅಚ್ಚಾಗಿತ್ತು. ಆಗ ಸೆರಾಂಪುರ ಡೆನ್ಮಾರ್ಕಿನ ವಶದಲ್ಲಿತ್ತು. ೧೮೨೭ರಲ್ಲಿ ಡೆನ್ಮಾರ್ಕಿನ ರಾಜನು ಪದವಿ ನೀಡುವ ಅಧಿಕಾರವನ್ನು ಸನ್ನದಿನ ಮೂಲಕ ಕಾಲೇಜಿಗೆ ಕೊಟ್ಟನು.

ಸನ್ನದು ದೊರೆತರೂ ದೈವಶಾಸ್ತ್ರದ ಪದವಿ ಪ್ರದಾನ ಆರಂಭವಾದದ್ದು ೧೯೧೫ರಲ್ಲಿ. ಈ ನಡುವೆ ಶಿಕ್ಷಣದ ಲೋಕವೇ ಬದಲಾಗಿತ್ತು. ಮೆಕಾಲೆಯ ೧೮೩೫ರ ಟಿಪ್ಪಣಿಯ ನಂತರ ಉನ್ನತ ಶಿಕ್ಷಣವೆಂದರೆ ಇಂಗ್ಲಿಷ್ ಎಂಬುದು ಸ್ಥಿರವಾಯಿತು. ೧೮೫೭ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಧರ್ಮಬೋಧನೆಯಿಂದ ದೂರ ಉಳಿದವು. ಅರಸೊತ್ತಿಗೆಯ ಧಾರ್ಮಿಕ ತಾಟಸ್ಥ್ಯದ ನೀತಿ ಇದಕ್ಕೆ ಹಿನ್ನೆಲೆ. ಪರಿಣಾಮವಾಗಿ ದೈವಶಾಸ್ತ್ರವು ಸೆಮಿನರಿಯ ಗೋಡೆಗಳ ಒಳಗೆ ಉಳಿಯಿತು. ದೇಶದ ಉಳಿದ ವಿದ್ವತ್ತಿನೊಂದಿಗೆ ಅದು ವಾದ ಮಾಡುವ ಸಂದರ್ಭಗಳೇ ಕಡಿಮೆಯಾದವು. ೧೯೧೮ರ ಸೆರಾಂಪುರ ಕಾಲೇಜು ಕಾಯಿದೆಯು ಹಲವು ಸಭೆಗಳ ಪ್ರತಿನಿಧಿಗಳಿರುವ ಸೆನೆಟ್ಟಿಗೆ ಅವಕಾಶ ಮಾಡಿಕೊಟ್ಟಿತು. ದೇಶದ ಹಲವೆಡೆಯ ಸೆಮಿನರಿಗಳು ಅದರ ಪದವಿ ವ್ಯವಸ್ಥೆಗೆ ಸೇರಿದವು.

ಈ ವ್ಯವಸ್ಥೆಯಲ್ಲಿ ಒಂದು ಶ್ರೇಣೀಕರಣ ಬೇರೂರಿತು. ಮೇಲಿನ ಪದವಿಯಾದ ಬಿ.ಡಿ. ಇಂಗ್ಲಿಷಿನಲ್ಲಿ, ಗ್ರೀಕ್, ಹೀಬ್ರೂ ಭಾಷೆಗಳ ಪರಿಚಯ ಅದಕ್ಕೆ ಭೂಷಣ. ಕೆಳಹಂತದ ಪ್ರಮಾಣಪತ್ರಗಳು ದೇಶಭಾಷೆಗಳಲ್ಲಿ. ಇಂಗ್ಲಿಷಿನಲ್ಲಿ ಓದಿದವನು ದೈವಶಾಸ್ತ್ರಜ್ಞ, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಓದಿದವನು ಹಳ್ಳಿಯ ಉಪದೇಶಿ ಎಂಬ ಭೇದ ಹೀಗೆ ನೆಲೆಯಾಯಿತು. ವಸಾಹತುಶಾಹಿಯು ದೇಶಭಾಷೆಯನ್ನು ಹೊರಗಿಡಲಿಲ್ಲ. ಅದಕ್ಕೊಂದು ಕೆಳಗಿನ ಮಣೆಯನ್ನು ಹಾಕಿಕೊಟ್ಟಿತು. ನಮ್ಮ ವಿವೇಚನೆಗೆ ಇದು ಮುಖ್ಯವಾದ ಅಂಶ.

೪

ಕನ್ನಡದ ಮಟ್ಟಿಗೆ ಈ ಮಾತನ್ನು ಮಂಗಳೂರಿನ ನಿದರ್ಶನದಿಂದ ವಿವರಿಸಬಹುದು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೬ರಲ್ಲಿ ಬಂದ ಮೋಗ್ಲಿಂಗ್ ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದನು. ಬಲ್ಮಠದಲ್ಲಿ ನೆಲೆಗೊಂಡ ಸೆಮಿನರಿಯು ೧೮೪೭ರಷ್ಟು ಹಿಂದಿನದು. ಮೋಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಮಾಡಿಸಿದನು. ಕಿಟೆಲ್ ೧೮೬೨ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದನು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, ೧೮೭೫ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಪ್ರಕಟಿಸಿದನು. ೧೮೯೪ರಲ್ಲಿ ಅವನ ನಿಘಂಟು ಹೊರಬಂದಿತು.

ಇಷ್ಟೆಲ್ಲ ಕನ್ನಡ ಸಂಪತ್ತು ಮಿಶನ್ನಿನ ಮುದ್ರಣಾಲಯದಿಂದ ಹೊರಬಂದರೂ ಅದು ದೈವಶಾಸ್ತ್ರಕ್ಕೆ ಆಕರವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬಸವ ಪುರಾಣವನ್ನು ಓದಿದ್ದು ಭಾಷೆಯನ್ನು ಕಲಿಯಲು, ಜನರ ನಂಬಿಕೆಯನ್ನು ತಿಳಿಯಲು, ಅದಕ್ಕೆ ಉತ್ತರ ಹೇಳಲು. ದೇವರನ್ನು ಕುರಿತು ಅದು ಏನನ್ನಾದರೂ ಕಲಿಸೀತು ಎಂಬ ನಿರೀಕ್ಷೆ ಅಲ್ಲಿರಲಿಲ್ಲ. ಕನ್ನಡವು ಪಾತ್ರೆಯಾಯಿತು, ಪಾತ್ರೆಯ ಒಳಗಿನದು ಬಾಸೆಲಿನಿಂದ ಬಂದಿತು.

ಆನಂದರಾವ್ ಕೌಂಡಿನ್ಯನ ಜೀವನ ಇದಕ್ಕೆ ಉತ್ತಮ ಸಾಕ್ಷಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಈ ತರುಣನು ೧೮೪೪ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯನಾದನು; ಊರಿನಲ್ಲಿ ಅದು ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ೧೮೪೬ರಲ್ಲಿ ಮೋಗ್ಲಿಂಗನೊಡನೆ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, ೧೮೫೧ರಲ್ಲಿ ಅಭಿಷಿಕ್ತನಾಗಿ ಮರಳಿದನು. ಮುಂದೆ ಸೆಮಿನರಿಯಲ್ಲಿ ಕಲಿಸಿದನು. ಕನ್ನಡ ನಾಡಿನವನೊಬ್ಬನು ಆ ಕಾಲದಲ್ಲಿ ಐರೋಪ್ಯ ಮಿಶನರಿಗಳ ಸಾಲಿನಲ್ಲಿ ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಹಾಗೆ ನಿಲ್ಲಲು ಬಾಸೆಲಿಗೆ ಹೋಗಿ ಬರಬೇಕಾಯಿತು. ಕನ್ನಡದಲ್ಲಿಯೇ ಓದಿ ಊರಿನಲ್ಲಿಯೇ ಉಳಿದವರಿಗೆ ದೊರೆತದ್ದು ಉಪದೇಶಿಯ ಸ್ಥಾನ.

೫

ಸ್ವಾತಂತ್ರ್ಯಾನಂತರ ಪರಿಸ್ಥಿತಿ ಮೇಲುನೋಟಕ್ಕೆ ಬೇಗ ಬದಲಾಯಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ೧೯೧೦ರಲ್ಲಿ ಹಲವು ಮಿಶನ್ನುಗಳ ಕೂಡುವಿಕೆಯಿಂದ ಸ್ಥಾಪನೆಯಾಗಿತ್ತು. ನಲವತ್ತನಾಲ್ಕು ವರ್ಷಗಳ ನಂತರ, ೧೯೫೪ರಲ್ಲಿ, ಜೆ. ರಸೆಲ್ ಚಂದ್ರನ್ ಅದರ ಮೊದಲ ಭಾರತೀಯ ಪ್ರಾಚಾರ್ಯರಾದರು. ಮಂಗಳೂರಿನ ಸೆಮಿನರಿಯೂ ತುಮಕೂರಿನ ಕನ್ನಡ ಸೆಮಿನರಿಯೂ ೧೯೬೫ರಲ್ಲಿ ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ರೂಪುಗೊಂಡಿತು.

ಅಂತರರಾಷ್ಟ್ರೀಯ ಮಟ್ಟದಲ್ಲಿ, ೧೯೫೭-೫೮ರಲ್ಲಿ ಘಾನಾದಲ್ಲಿ ಸೇರಿದ ಮಿಶನರಿ ಪರಿಷತ್ತಿನ ಸಭೆಯು ದೈವಶಾಸ್ತ್ರ ಶಿಕ್ಷಣ ನಿಧಿಯೊಂದನ್ನು ಸ್ಥಾಪಿಸಿತು. ಅದರ ಮೂಲಧನ ನಲವತ್ತು ಲಕ್ಷ ಡಾಲರು. ಅರ್ಧ ರಾಕ್‌ಫೆಲರ್ ಮೂಲದ ದತ್ತಿ, ಇನ್ನರ್ಧ ಮಿಶನ್ ಮಂಡಳಿಗಳದು. ಮೊದಲ ಹಂತದಲ್ಲಿ ಈ ಹಣವು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಾಗಳ ಆಯ್ದ ಸೆಮಿನರಿಗಳ ಮಟ್ಟವನ್ನು ಏರಿಸಲು, ಗ್ರಂಥಾಲಯಗಳಿಗೆ, ಅಧ್ಯಾಪಕರ ಉನ್ನತ ವ್ಯಾಸಂಗಕ್ಕೆ ಒದಗಿತು. 'ಮಟ್ಟ' ಎಂದರೇನು ಎಂಬ ಪ್ರಶ್ನೆ ಆಗ ಏಳಲಿಲ್ಲ. ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ಮಟ್ಟವೇ ಅಳತೆಗೋಲಾಯಿತು.

ಆ ಪ್ರಶ್ನೆಯನ್ನು ಎತ್ತಿದವರು ತೈವಾನಿನ ಶೋಕಿ ಕೋ. ಜಪಾನಿನ ವಸಾಹತಾಗಿದ್ದ ತೈವಾನಿನಲ್ಲಿ ೧೯೧೪ರಲ್ಲಿ ಹುಟ್ಟಿ, ಆಳುವವರ ಭಾಷೆಯಲ್ಲಿ ವಿದ್ಯೆ ಕಲಿತು, ಮುಂದೆ ತೈನಾನ್ ಸೆಮಿನರಿಯ ಪ್ರಾಚಾರ್ಯರಾಗಿದ್ದ ಅವರು ಈ ನಿಧಿಯ ಮೂರನೆಯ ಹಂತದ ಹೊಣೆ ಹೊತ್ತಿದ್ದರು. ೧೯೭೨ರಲ್ಲಿ ಅವರು 'ಸಂದರ್ಭೀಕರಣ' ಎಂಬ ಪರಿಕಲ್ಪನೆಯನ್ನು ಚಲಾವಣೆಗೆ ತಂದರು. ಅದುವರೆಗೆ ಬಳಕೆಯಲ್ಲಿದ್ದ 'ದೇಶೀಕರಣ'ವು ಹಳೆಯ ಸಂಸ್ಕೃತಿಯ ಕಡೆಗೆ ಮುಖ ಮಾಡಿದ್ದು, ಸಂದರ್ಭೀಕರಣವಾದರೋ ಬದಲಾಗುತ್ತಿರುವ ಸಮಾಜವನ್ನೂ ನ್ಯಾಯಕ್ಕಾಗಿ ನಡೆಯುವ ಹೋರಾಟವನ್ನೂ ಒಳಗೊಳ್ಳಬೇಕು ಎಂಬುದು ಅವರ ವಾದದ ಸಾರ. ೧೯೭೬ರಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ತೃತೀಯ ಜಗತ್ತಿನ ದೈವಶಾಸ್ತ್ರಜ್ಞರ ಸಂಘವು ಹುಟ್ಟಿದಾಗ ರಸೆಲ್ ಚಂದ್ರನ್ ಅದರ ಅಧ್ಯಕ್ಷರಾದರು.

ಇದೇ ಕಾಲಘಟ್ಟದಲ್ಲಿ ಕೀನ್ಯಾದ ಜಾನ್ ಎಂಬಿಟಿ ಕಟ್ಟಿದ ದೃಷ್ಟಾಂತವೊಂದು ಪ್ರಸಿದ್ಧವಾಗಿದೆ. ಐರೋಪ್ಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಪುಸ್ತಕಗಳ ಹೊರೆಯೊಂದಿಗೆ ಊರಿಗೆ ಮರಳಿದ ಆಫ್ರಿಕನ್ ತರುಣನ ಸ್ವಾಗತದ ಔತಣದಲ್ಲಿಯೇ ಅವನ ಅಕ್ಕನ ಮೈಮೇಲೆ ದೆವ್ವ ಬರುತ್ತದೆ. ಊರವರೆಲ್ಲ ಓದಿ ಬಂದ ಅವನತ್ತ ನೋಡುತ್ತಾರೆ. ಅವನು ಓದಿದ ಜರ್ಮನ್ ಪಂಡಿತರ ಪ್ರಕಾರ ದೆವ್ವ ಹಿಡಿಯುವುದು ಪುರಾಣಕಲ್ಪನೆ. ಊರಿನ ಸಂಕಟಕ್ಕೆ ಅವನ ಪುಸ್ತಕದಲ್ಲಿ ಪುಟವೇ ಇಲ್ಲ. ಕಲಿಕೆಯೂ ಬದುಕೂ ಬೇರೆಬೇರೆ ಭಾಷೆಗಳಲ್ಲಿ ನಡೆಯುವ ಕಡೆಗಳಲ್ಲೆಲ್ಲ ಈ ಕಥೆಗೆ ಅರ್ಥವಿದೆ.

೬

ಕೆಥೋಲಿಕ ಸಭೆಯಲ್ಲಿ ಈ ಬದಲಾವಣೆ ಬೇರೊಂದು ದಾರಿಯಲ್ಲಿ ಬಂದಿತು. ಎರಡನೆಯ ವ್ಯಾಟಿಕನ್ ಪರಿಷತ್ತಿನವರೆಗೆ (೧೯೬೨-೬೫) ಅಲ್ಲಿ ಶಾಸ್ತ್ರಪಾಠದ ಭಾಷೆ ಲ್ಯಾಟಿನ್. ೧೮೯೩ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಆರಂಭವಾದ ಪೇಪಲ್ ಸೆಮಿನರಿ ೧೯೫೫ರಲ್ಲಿ ಪುಣೆಗೆ ಬಂದಿತು. ಕುರ್ಸಿಯಾಂಗಿನಲ್ಲಿದ್ದ ಜೆಸ್ವಿಟರ ಕಾಲೇಜು ಎಪ್ಪತ್ತರ ದಶಕದ ಆರಂಭದಲ್ಲಿ 'ವಿದ್ಯಾಜ್ಯೋತಿ'ಯಾಗಿ ದೆಹಲಿಗೆ ಬಂದಿತು. ಲ್ಯಾಟಿನ್ ಬಿಟ್ಟ ಜಾಗಕ್ಕೆ ಇಂತಹ ಕಾಲೇಜುಗಳಲ್ಲಿ ಬಂದದ್ದು ಇಂಗ್ಲಿಷ್.

ಪರಿಷತ್ತಿನ ನಂತರ ಆರಾಧನೆ ದೇಶಭಾಷೆಗಳಿಗೆ ಬಂದಾಗ ಯಾವ ದೇಶಭಾಷೆ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಕೆಥೋಲಿಕ ಚರ್ಚುಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು ದಶಕಗಳ ಕಾಲ ನಡೆದ ವಿವಾದ ಇದರ ಫಲ. ಪೂಜೆಯ ಭಾಷೆಗಾಗಿ ಇಷ್ಟು ಬಿಸಿಯಾದ ವಾದ ನಡೆದ ನಗರದಲ್ಲಿ, ತರಗತಿಯ ಭಾಷೆಯನ್ನು ಕುರಿತು ಅಷ್ಟು ತೀವ್ರತೆಯ ಚರ್ಚೆ ಕಾಣುವುದಿಲ್ಲ. ದೇವರೊಡನೆ ಮಾತಾಡಲು ಕನ್ನಡ ಬೇಕು, ದೇವರನ್ನು ಕುರಿತು ವಿಚಾರಿಸಲು ಬೇಡ ಎಂಬ ವಿಭಜನೆ ಇಲ್ಲಿ ಅರಿವಿಲ್ಲದೆಯೇ ಒಪ್ಪಿತವಾಗಿದೆ.

ಈ ಸಂದರ್ಭದಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರನ್ನು ನೆನೆಯಬೇಕು. ೧೯೬೭ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧೆ ಮತ್ತು ಆರಾಧನೆಗಳ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದ ಅವರು ಮುಂದೆ ಮೈಸೂರು ವಿಶ್ವವಿದ್ಯಾಲಯದ ಕ್ರೈಸ್ತಧರ್ಮ ಅಧ್ಯಯನ ಪೀಠದ ಪ್ರಾಧ್ಯಾಪಕರಾದರು. ೧೮೫೭ರ ನಂತರ ವಿಶ್ವವಿದ್ಯಾಲಯಕ್ಕೂ ಸೆಮಿನರಿಗೂ ನಡುವೆ ಎದ್ದ ಗೋಡೆಯಲ್ಲಿ ಈ ಪೀಠ ಒಂದು ಬಾಗಿಲನ್ನು ತೆರೆಯಿತು.

೭

ಪಠ್ಯಕ್ರಮಕ್ಕೆ 'ಭಾರತೀಯತೆ' ಬಂದ ಮೇಲೆ ಯಾವ ಭಾರತ ಎಂಬ ಪ್ರಶ್ನೆ ಅನಿವಾರ್ಯವಾಯಿತು. ಬ್ರಹ್ಮಬಾಂಧವ ಉಪಾಧ್ಯಾಯರಿಂದ ಹಿಡಿದು ಬಂದ ಒಂದು ಧಾರೆ ಕ್ರಿಸ್ತನನ್ನು ವೇದಾಂತದ ಪರಿಭಾಷೆಯಲ್ಲಿ ಹೇಳಲು ಯತ್ನಿಸಿತು, ಎ. ಜೆ. ಅಪ್ಪಸಾಮಿ ಭಕ್ತಿಪರಂಪರೆಯ ಕಡೆಗೆ ತಿರುಗಿದರು. ೧೯೮೧ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಅಗತ್ಯವನ್ನು ಕುರಿತು ಉಪನ್ಯಾಸ ನೀಡಿದರು. ಭಾರತದ ಕ್ರೈಸ್ತರಲ್ಲಿ ಬಹುಭಾಗ ದಲಿತರಾಗಿರುವಾಗ ದೈವಶಾಸ್ತ್ರ ಮಾತ್ರ ಬ್ರಾಹ್ಮಣ ಪರಂಪರೆಯೊಂದಿಗೆ ಸಂವಾದ ಮಾಡುತ್ತಿದೆ ಎಂಬುದು ಅವರ ಆಕ್ಷೇಪ. ಚೆನ್ನೈನ ಗುರುಕುಲದಲ್ಲಿ ದಲಿತ ದೈವಶಾಸ್ತ್ರ ವಿಭಾಗವನ್ನು ನಡೆಸಿದ ಅವರು, ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ತಮ್ಮ ಅಲೆಮಾರಿ ಪೂರ್ವಜನನ್ನು ನೆನೆಯುವಂತೆ, ದಲಿತ ಕ್ರೈಸ್ತನೂ ತನ್ನ ಪೂರ್ವಜರ ಅಪಮಾನದ ನೆನಪಿನಿಂದ ವಿಶ್ವಾಸವನ್ನು ಹೇಳತೊಡಗಬೇಕು ಎಂದರು. ಈ ಆಕ್ಷೇಪದಿಂದ ತಿಳಿಯುವುದೇನೆಂದರೆ, ದೇಶೀಯವಾದದ್ದೆಲ್ಲ ವಸಾಹತುಮುಕ್ತವಲ್ಲ. ಹೊರಗಿನ ಯಜಮಾನಿಕೆಯ ಜಾಗದಲ್ಲಿ ಒಳಗಿನ ಯಜಮಾನಿಕೆ ಕುಳಿತುಕೊಳ್ಳಬಹುದು.

ಚರಿತ್ರೆಯ ಪಾಠದಲ್ಲಿಯೂ ಇಂತಹ ಪಲ್ಲಟವಾಯಿತು. ಭಾರತದ ಸಭಾಚರಿತ್ರೆ ಸಂಘವು ಎಪ್ಪತ್ತರ ದಶಕದಲ್ಲಿ ಯೋಜಿಸಿದ ಸಂಪುಟಗಳು ಮಿಶನರಿಗಳ ಸಾಹಸಕ್ಕಿಂತ ಜನರ ಸಾಮಾಜಿಕ ಚರಿತ್ರೆಗೆ ಒತ್ತು ಕೊಟ್ಟವು, ಎ. ಮಥಿಯಾಸ್ ಮುಂಡಾಡನ್ ಬರೆದ ಮೊದಲ ಸಂಪುಟ ೧೯೮೪ರಲ್ಲಿ ಬಂದಿತು.

ಆದರೆ ನಿರ್ಮಲರ ಉಪನ್ಯಾಸವಾಗಲಿ ಈ ಸಂಪುಟಗಳಾಗಲಿ ಇಂಗ್ಲಿಷಿನವು. ಭಾಷೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡ ಪ್ರಯೋಗಕ್ಕೆ ೧೯೬೯ರಲ್ಲಿ ಸ್ಥಾಪಿತವಾದ ಮಧುರೆಯ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯನ್ನು ನೋಡಬೇಕು. ಅಲ್ಲಿ ತಮಿಳಿನಲ್ಲಿ ಪಾಠ ನಡೆಯಿತು. ಅಲ್ಲಿ ಕಲಿಸಿದ ಥಿಯೋಫಿಲಸ್ ಅಪ್ಪಾವೂ (೧೯೪೦-೨೦೦೫), 'ಪರಟ್ಟೈ' ಎಂಬ ಹೆಸರಿನಿಂದ ಪ್ರಸಿದ್ಧರು, ಕರ್ನಾಟಕ ಸಂಗೀತದ ಕೀರ್ತನೆಗಳಿಗೆ ಬದಲಾಗಿ ಹಳ್ಳಿಯ ಜನಪದ ಮಟ್ಟುಗಳಲ್ಲಿ ಆರಾಧನೆಯನ್ನು ರಚಿಸಿದರು. ಹಾಡುವವರು ಹಾಡನ್ನು ತಮ್ಮ ಬದುಕಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು ಎಂಬುದು ಅವರಿಗೆ ಮುಖ್ಯವಾಗಿತ್ತು. ದೇವರನ್ನು 'ತಂದೆ' ಎನ್ನುವಲ್ಲಿ ಅವರು ಬಳಸಿದ ತಮಿಳು ಪದ ನಮ್ಮ 'ಹೆತ್ತವರು' ಎಂಬುದಕ್ಕೆ ಸಮಾನವಾದದ್ದು. ತಾಯಿತಂದೆಗಳಿಬ್ಬರನ್ನೂ ಗೌರವದಿಂದ ಸೂಚಿಸುವ, ಲಿಂಗಭೇದವಿಲ್ಲದ ಪದ. ಇಂಗ್ಲಿಷಿನಲ್ಲಿ ದೀರ್ಘ ವಾದ ಬೇಡುವ ಒಂದು ದೈವಶಾಸ್ತ್ರೀಯ ಪ್ರಶ್ನೆಗೆ ದ್ರಾವಿಡ ನುಡಿಯ ಒಂದು ಸಾಮಾನ್ಯ ಪದ ಉತ್ತರ ಕೊಟ್ಟಿತು. ದೇಶಭಾಷೆಯಲ್ಲಿ ಚಿಂತಿಸುವುದೆಂದರೆ ಇದೇ.

೮

ಕನ್ನಡದಲ್ಲಿ ಇಂತಹ ಚಿಂತನೆಗೆ ಸಾಮಗ್ರಿ ಕಡಿಮೆಯಿಲ್ಲ. ಪ್ರೊಟೆಸ್ಟಂಟರು ಬೈಬಲನ್ನು 'ಸತ್ಯವೇದ' ಎಂದರು. ಆ ಹೆಸರಿನಲ್ಲಿಯೇ ಒಂದು ವಾದ ಅಡಗಿದೆ. ಅವರ 'ಸುವಾರ್ತೆ' ಕೆಥೋಲಿಕರಲ್ಲಿ 'ಶುಭಸಂದೇಶ'. ಒಬ್ಬರ 'ದೀಕ್ಷಾಸ್ನಾನ' ಇನ್ನೊಬ್ಬರ ಬಳಕೆಯಲ್ಲಿ 'ಜ್ಞಾನಸ್ನಾನ'. ದೀಕ್ಷೆ ಎಂದೊಡನೆ ವೀರಶೈವರ ಲಿಂಗದೀಕ್ಷೆ, ಜೈನರ ದೀಕ್ಷೆಗಳು ಕನ್ನಡಿಗನ ಮನಸ್ಸಿಗೆ ಬರುತ್ತವೆ. ಜ್ಞಾನ ಎಂದೊಡನೆ ಬೇರೊಂದು ಪರಂಪರೆ. ಈ ಪದಗಳನ್ನು ಆಯ್ದವರು ತಿಳಿದೋ ತಿಳಿಯದೆಯೋ ಕನ್ನಡದ ಧಾರ್ಮಿಕ ಅನುಭವದೊಂದಿಗೆ ನಂಟು ಬೆಳೆಸಿದ್ದಾರೆ. ಆ ನಂಟಿನ ವಿಚಾರವೇ ಕನ್ನಡ ದೈವಶಾಸ್ತ್ರದ ಮೊದಲ ಅಧ್ಯಾಯವಾಗಬಹುದು. ಎಪ್ಪತ್ತರ ದಶಕದಿಂದ ಬೆಳೆದ ದಲಿತ ಸಾಹಿತ್ಯವೂ ಸೆಮಿನರಿಯ ಓದಿಗೆ ಅದಕ್ಕಿಂತ ಹತ್ತಿರದ ಆಕರ.

ಇಂಗ್ಲಿಷಿನ ಪರವಾದ ವಾದಗಳನ್ನು ನಾವು ಹಗುರವಾಗಿ ಕಾಣಬಾರದು. ಸೆರಾಂಪುರ ವ್ಯವಸ್ಥೆಯಲ್ಲಿ ಐಜಾಲ್, ಜೋರ್ಹಾಟ್‌ಗಳ ಕಾಲೇಜುಗಳೂ ಇವೆ; ಮಿಜೋ, ನಾಗಾ ವಿದ್ಯಾರ್ಥಿಗಳು ಕನ್ನಡ, ಮಲಯಾಳಂ ಮಾತಿನವರೊಡನೆ ಕೂಡಿ ಓದುವಾಗ ಸಮಾನ ಭಾಷೆ ಇಂಗ್ಲಿಷೇ. ದಲಿತ ಸಮುದಾಯಗಳಿಗೆ ಇಂಗ್ಲಿಷ್ ಊರಿನ ಜಾತಿಕಟ್ಟಿನಿಂದ ಹೊರಬರುವ ದಾರಿಯಾಗಿದೆ; ಅದನ್ನು ಮುಚ್ಚಿ ದೇಶಭಾಷೆಯನ್ನು ಹೇರುವುದು ಮತ್ತೊಂದು ಅನ್ಯಾಯವಾದೀತು. ಬೀದರಿನ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಪುಣೆ, ಚೆನ್ನೈ, ದೆಹಲಿಗಳ ಗ್ರಂಥಾಲಯ ತೆರೆದಿರಲೇಬೇಕು. ಆದರೆ ಅಲ್ಲಿ ಓದಿದ್ದನ್ನು ತನ್ನ ಸಭೆಯ ಮುಂದೆ ಕನ್ನಡದಲ್ಲಿ ಹೇಳಬೇಕಾದಾಗ, ಅವನಿಗೆ ಪದಗಳಿಲ್ಲದಿದ್ದರೆ ಆ ಓದು ಅರ್ಧಕ್ಕೆ ನಿಂತಂತೆ. ಇಂಗ್ಲಿಷನ್ನು ಕೆಳಗಿಳಿಸುವ ಅಗತ್ಯವಿಲ್ಲ. ಕನ್ನಡಕ್ಕೆ ಹಾಕಿದ ಕೆಳಗಿನ ಮಣೆಯನ್ನು ಮೇಲಕ್ಕೆ ತರುವ ಅಗತ್ಯವಿದೆ.

ಈ ದಿಶೆಯಲ್ಲಿ ಮೂರು ಕೆಲಸಗಳನ್ನು ಸೂಚಿಸಬಹುದು. ಮೊದಲನೆಯದು, ಕಳೆದ ಎರಡು ಶತಮಾನಗಳಲ್ಲಿ ಕನ್ನಡ ಕ್ರೈಸ್ತ ಬರವಣಿಗೆಯಲ್ಲಿ ಬಳಕೆಯಾದ ಪಾರಿಭಾಷಿಕ ಪದಗಳ ಚಾರಿತ್ರಿಕ ಕೋಶ. ಯಾವ ಪದ ಎಂದು ಬಂದಿತು, ಯಾವುದನ್ನು ಹಿಂದೆ ಸರಿಸಿತು ಎಂಬುದನ್ನು ಅದು ದಾಖಲಿಸಬೇಕು. ಎರಡನೆಯದು, ಉಪದೇಶಿಗಳ ಬರವಣಿಗೆಯ ಶೋಧ. ಮಿಶನರಿಗಳ ಪತ್ರಗಳನ್ನು ಓದಿರುವ ನಾವು, ಅವರ ಪಕ್ಕದಲ್ಲಿ ನಿಂತು ಹಳ್ಳಿಹಳ್ಳಿ ತಿರುಗಿದ ಕನ್ನಡಿಗರ ಮಾತನ್ನು ಅಷ್ಟಾಗಿ ಕೇಳಿಲ್ಲ. ಮೂರನೆಯದು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳೂ ಸೆಮಿನರಿಗಳೂ ಕೂಡಿ ಪಾಠ ನಡೆಸುವ ಏರ್ಪಾಡು. ಸೆಮಿನರಿಯ ವಿದ್ಯಾರ್ಥಿ ವಚನಗಳನ್ನು ವಾದಕ್ಕಾಗಿ ಓದದೆ ತಿಳಿವಿಗಾಗಿ ಓದುವುದು, ಕನ್ನಡ ವಿದ್ಯಾರ್ಥಿ ಕ್ರೈಸ್ತ ಬರವಣಿಗೆಯನ್ನು ಮಿಶನರಿಗಳ ಕಾಣಿಕೆ ಎಂಬ ಒಂದೇ ಶೀರ್ಷಿಕೆಯಡಿ ಮುಗಿಸದಿರುವುದು, ಎರಡೂ ಆಗ ಸಾಧ್ಯವಾಗುತ್ತವೆ. ಹೊರನಾಡಿನ ಕನ್ನಡ ಪೀಠಗಳು ಇದಕ್ಕೆ ತಕ್ಕ ಸ್ಥಳಗಳು. ಪುಣೆ, ಚೆನ್ನೈ, ದೆಹಲಿಗಳಲ್ಲಿ ಸೆಮಿನರಿಗಳು ಅವುಗಳಿಗೆ ದೂರವಲ್ಲ, ಮತ್ತು ಆ ಸೆಮಿನರಿಗಳಲ್ಲಿ ಓದುವ ಕನ್ನಡದ ವಿದ್ಯಾರ್ಥಿಗಳಿಗೆ ತಮ್ಮ ನುಡಿಯಲ್ಲಿ ವಿಚಾರ ಮಾಡಲು ಒಂದು ಮನೆ ಬೇಕಾಗಿದೆ.